ಸತ್ತ ಎರಡು ತಿಂಗಳಿಗೆ ಉಡಕಿ

೭ ಜನವರಿ ೨೦೨೫, ಮಂಗಳವಾರ

ಹಾವೇರಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ, "ಶುಕ್ರವಾರ ನಾ ಬರಂಗಿಲ್ಲ" ಎಂದಳು. ಡಯಾಲಿಸಿಸ್ ಶುರುವಾಗಿ ಐದು ತಿಂಗಳಾಯಿತು, ವಾರಕ್ಕೆ ಎರಡು ಸಲ. ಬೇಸರಕ್ಕೆ ಅಂದಿರಬೇಕೆಂದುಕೊಂಡೆ. ಬ್ಯಾಡಗಿಗೆ ಬಂದು, ಕೈಕಾಲು ತೊಳೆಸಿ, ಅನ್ನ ಮುಂದಿಟ್ಟಾಗ ಮತ್ತೆ ಅದನ್ನೇ ಅಂದಳು. ಈ ಸಲ ಕಾರಣವನ್ನೂ ಹೇಳಿದಳು.

"ನನ್ನ ಆಯುಷ್ಯ ನಂದಲ್ಲ ನಿರ್ಮಲಾ. ನಮ್ಮವ್ವಂದು. ಹುಟ್ಟಿದ ದಿನಾನ ಆಕಿನ್ನ ತಿಂದು ಕುಂತಾಕಿ ನಾನು. ಕಸಗೊಂಡಿದ್ದು ಎಪ್ಪತ್ತು ವರ್ಷ ಉಂಡೆ. ಮತ್ತ ಮಿಷನ್ನಿಗೆ ಹಚ್ಚಿ ಇನ್ನೂ ಎಷ್ಟು ಉಣಸ್ತಿ?"

ಸಿಟ್ಟು ನೆತ್ತಿಗೇರಿತು. ಇವಳಿಗೆ ಸಿದ್ದವ್ವ ಎಂಬ ಒಳ್ಳೆಯ ಹೆಸರಿದೆ. ತವರಿನಲ್ಲಿ ಆ ಹೆಸರಿನಿಂದ ಯಾರೂ ಕರೆದದ್ದಿಲ್ಲ. 'ತಾಯಿನ್ನ ತಿಂದಾಕಿ' ಎಂದರೇ ಇವಳು. ಯಾರ ಉಡಿ ತುಂಬುವಲ್ಲಿಯೂ ಕರೆಯುವುದಿಲ್ಲ, ಕೂಸನ್ನು ತೊಟ್ಟಿಲಿಗೆ ಹಾಕುವಲ್ಲಿ ಮುಂದೆ ಬಿಡುವುದಿಲ್ಲ. ನನ್ನ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ತಾನಾಗಿಯೇ ಅಡಿಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತಿದ್ದಳು. ಆ ಮದುವೆ ಎರಡೇ ವರ್ಷಕ್ಕೆ ಮುರಿದಾಗ ತನ್ನ ನೆರಳು ಬಿತ್ತೆಂದು ಅತ್ತಳು. ನನ್ನ ಗಂಡ ಕುಡಿದದ್ದಕ್ಕೂ ಇವಳೇ ಹೊಣೆ.

ನಾನು ಇಪ್ಪತ್ತನಾಲ್ಕು ವರ್ಷದಿಂದ ಬ್ಯಾಡಗಿಯಲ್ಲಿ ನೋಂದಣಿ ಕಚೇರಿಯ ಮುಂದೆ ಕುಳಿತು ಪತ್ರ ಬರೆಯುವವಳು. ಖರೀದಿ ಪತ್ರ, ಆಸ್ತಿ ಹಂಚುವ ವಾಟಣಿ ಪತ್ರ, ವಂಶಾವಳಿ. ಎಷ್ಟೋ ಮನೆತನಗಳ ಅಜ್ಜ ಮುತ್ತಜ್ಜರ ಹುಟ್ಟು, ಸಾವು, ಮದುವೆಗಳನ್ನು ಒಂದಕ್ಕೊಂದು ಹೊಂದಿಸಿ ಕೊಟ್ಟಿದ್ದೇನೆ. ನಮ್ಮದನ್ನು ಒಮ್ಮೆಯೂ ತೆಗೆದು ನೋಡಿಲ್ಲ. ಅವ್ವನ ಕಾಗದಗಳನ್ನು ಈಗ ಹರವಿಕೊಂಡು ಕುಳಿತಿದ್ದೇನೆ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ್ದು ೧-೧-೧೯೫೨. ಒಂದನೇ ಈಯತ್ತೆಯ ದಾಖಲೆಯಲ್ಲಿ ೧-೬-೧೯೫೫; ಆ ಕಾಲದ ಹೆಡ್‌ಮಾಸ್ತರರಿಗೆ ಊರಿನ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಬೇಕಿತ್ತು. ರೇಶನ್ ಕಾರ್ಡಿನ ಲೆಕ್ಕ ಮತ್ತೊಂದು. ತಾನು ಹುಟ್ಟಿದ ದಿನವೇ ಗೊತ್ತಿಲ್ಲದವಳಿಗೆ ಆ ದಿನ ತಾಯಿ ಸತ್ತದ್ದು ಮಾತ್ರ ಖಾತ್ರಿ ಗೊತ್ತು.

೧೦ ಜನವರಿ, ಶುಕ್ರವಾರ

ಕರೆದುಕೊಂಡು ಬಂದೆ. "ನಿಮ್ಮವ್ವ ಯಾವಾಗ ಸತ್ಲು ಅನ್ನೂ ಕಾಗದ ತರತೇನಿ. ಅದು ಬರೂ ಮಟ ಸುಮ್ನ ಬಾ" ಎಂದು ಚೌಕಾಶಿ ಮಾಡಿದೆ. ಒಪ್ಪಿದಳು. ಕಾಗದಕ್ಕೆ ಹೆದರುವ ಜನ ನಮ್ಮವರು.

ಅವಳು ಮಿಷನ್ನಿಗೆ ಮಲಗಿದ ನಾಲ್ಕು ತಾಸಿನಲ್ಲಿ ಹಳೆಯ ದಾಖಲೆ ಇಡುವ ದಫ್ತರಖಾನೆಗೆ ಹೋಗಿ ಅರ್ಜಿ ಕೊಟ್ಟೆ. ಅಲ್ಲಿ ಚೇತನಕುಮಾರ ಎಂಬ ಹುರುಪಿನ ಗುಮಾಸ್ತನಿದ್ದಾನೆ. ನನ್ನ ಗುರುತಿದೆ. "ಯಾರ ವಂಶಾವಳಿರಿ ಅಕ್ಕಾರ?" ಎಂದ. ಒಂದು ಪಾರ್ಟಿಯದು ಎಂದೆ. ನಮ್ಮದೇ ಎನ್ನಲು ಯಾಕೋ ನಾಚಿಕೆಯಾಯಿತು.

೧೭ ಜನವರಿ, ಶುಕ್ರವಾರ

ಅವ್ವನ ಜನನ ಸಿಕ್ಕಿತು. ೨೩-೧೧-೧೯೫೪. ಹೆಣ್ಣು, ಹೆಸರಿಟ್ಟಿಲ್ಲ. ತಂದೆ ಡಾಕಪ್ಪ, ತಾಯಿ ಫಕ್ಕೀರವ್ವ. ಆ ವರ್ಷದ ಮರಣದ ಪುಸ್ತಕವನ್ನು ಎರಡು ಸಲ ತಿರುವಿದೆ. ಫಕ್ಕೀರವ್ವ ಇಲ್ಲ. ೧೯೫೫ರಲ್ಲಿಯೂ ಇಲ್ಲ.

ಹೆರಿಗೆಯಲ್ಲಿ ಸತ್ತಿಲ್ಲ. ಪುಸ್ತಕದ ಧೂಳಿಗೋ ಏನೋ ಕಣ್ಣಲ್ಲಿ ನೀರು ಬಂತು. ಅವ್ವನಿಗೆ ಇನ್ನೂ ಹೇಳಿಲ್ಲ. ಪೂರ್ತಿಯಾಗದ ಕೆಲಸ ತೋರಿಸುವುದು ನನ್ನ ರೂಢಿಯಲ್ಲ.

೨೧ ಜನವರಿ, ಮಂಗಳವಾರ

ಡಾಕಪ್ಪ ಸತ್ತದ್ದು ೨-೮-೧೯೫೭, ವಾಂತಿಭೇದಿ. ಫಕ್ಕೀರವ್ವ ಕೋಂ ಡಾಕಪ್ಪ, ಎಂದರೆ ಡಾಕಪ್ಪನ ಹೆಂಡತಿ, ೯-೪-೧೯೫೮, ಜ್ವರ. ಬರೆಸಿದವನು ಅವಳ ಮಾವ, ಡಾಕಪ್ಪನ ಅಪ್ಪ ಸೋಮಣ್ಣ.

ಅಂದರೆ ತಾಯಿ ಸತ್ತಾಗ ಅವ್ವನಿಗೆ ಮೂರು ವರ್ಷ ನಾಲ್ಕೂವರೆ ತಿಂಗಳು. ಓಡಾಡುವ ಕೂಸು. ಜ್ವರದಿಂದ ಸತ್ತವಳನ್ನು ಕೂಸು ತಿಂದಿತು ಎಂದು ಎಪ್ಪತ್ತು ವರ್ಷ ಅಂದರಲ್ಲ, ಆ ಬಾಯಿಗಳಿಗೆ ಏನು ಹೇಳಬೇಕು. ಹೇಳಿಸಿಕೊಳ್ಳಲು ಒಬ್ಬರೂ ಉಳಿದಿಲ್ಲ. ನಕಲಿಗೆ ಅರ್ಜಿ ಕೊಟ್ಟೆ. ಹೊಲದ ದಾಖಲೆಯ ಜೊತೆಗೂ ಒಮ್ಮೆ ತಾಳೆ ನೋಡಿಬಿಟ್ಟರೆ ಮುಗಿಯಿತು.

ಬರುವಾಗ ಅವ್ವನಿಗೆ ಬಸ್ ಸ್ಟ್ಯಾಂಡಿನಲ್ಲಿ ಹೂವು ಕೊಂಡೆ. "ಯಾರಿಗಿದು?" ಎಂದಳು.

೨೮ ಜನವರಿ, ಮಂಗಳವಾರ

ತಾಳೆ ಆಗಲಿಲ್ಲ.

ಹೊಲ ಯಾರ ಹೆಸರಿನಿಂದ ಯಾರ ಹೆಸರಿಗೆ ಹೋಯಿತೆಂದು ತಲಾಟಿ ಬರೆಯುವ ಪುಸ್ತಕ ತೆಗೆಸಿದೆ. ಡಾಕಪ್ಪ ಸತ್ತ ಮೇಲೆ ಹೆಂಡತಿ ಫಕ್ಕೀರವ್ವನ ಹೆಸರು, ಮಗಳು ಸಿದ್ದವ್ವನ ಹೆಸರು ಹತ್ತಿವೆ. ಸರಿ. ಅದರ ಕೆಳಗೆ, ೧೨-೬-೧೯೫೮ರಂದು, ಚೊಕ್ಕ ಅಕ್ಷರದಲ್ಲಿ: 'ಸದರಿ ಫಕ್ಕೀರವ್ವ ಇವಳು ರಾಣೆಬೆನ್ನೂರಿಗೆ ಉಡಕಿ ಆಗಿ ಹೋದ ಕಾರಣ ಹೆಸರು ಕಮಿ ಮಾಡಿದೆ.'

ಚೇತನಕುಮಾರ ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟು ನಕ್ಕ. "ಅಕ್ಕಾರ, ನಿಮ್ಮ ಪಾರ್ಟಿ ಜಬರದಸ್ತ್ ಐತ್ರಿ. ಸತ್ತ ಎರಡು ತಿಂಗಳಿಗೆ ಉಡಕಿ ಆಗ್ಯಾಳ."

ನಾನೂ ನಕ್ಕೆ. ಗಂಡ ಸತ್ತವಳಿಗೆ ಇನ್ನೊಬ್ಬನ ಕಡೆಯಿಂದ ಸೀರೆ ಉಡಿಸಿ ಕಳಿಸುವುದು ಉಡಕಿ. ವಾಲಗವಿಲ್ಲ, ಅಕ್ಕಿಕಾಳಿಲ್ಲ, ಆದರೂ ಅದು ಮದುವೆಯೇ. ಸತ್ತವಳಿಗೆ ಆಗುವಂಥದ್ದಲ್ಲ. ಎರಡರಲ್ಲಿ ಒಂದು ಸುಳ್ಳು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟೆ. ಅವ್ವನನ್ನು ಮಿಷನ್ನಿನಿಂದ ಬಿಡಿಸುವ ಹೊತ್ತಾದದ್ದೂ ಗೊತ್ತಾಗಲಿಲ್ಲ.

೩೦ ಜನವರಿ, ಗುರುವಾರ

ಮೆಣಸಿನಕಾಯಿ ಪ್ಯಾಟಿ. ಊರೆಲ್ಲ ಕೆಮ್ಮು. ಎರಡು ಖರೀದಿ ಪತ್ರ ಬರೆದೆ, ಒಂದರಲ್ಲಿ ಹೊಲದ ನಾಲ್ಕು ಗಡಿ ಹೇಳುವ ಚಕ್ಕುಬಂದಿ ತಪ್ಪಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಹೀಗಾದದ್ದಿಲ್ಲ.

ಆ ಊರಿನಲ್ಲಿ ಇಬ್ಬರು ಫಕ್ಕೀರವ್ವರಿದ್ದರೇ? ಇಬ್ಬರ ಗಂಡಂದಿರೂ ಡಾಕಪ್ಪರೇ? ಹಾಗೇ ಇರಲಿ ದೇವರೇ.

೨ ಫೆಬ್ರವರಿ, ರವಿವಾರ

ಅಗಡಿಗೆ ಹೋಗಿ, ಅಲ್ಲಿಂದ ಆಟೋ ಮಾಡಿಕೊಂಡು ಅವ್ವನ ತವರೂರಿಗೆ ಹೋದೆ. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಷ್ಟು ಸಿಟ್ಟಿದೆ.

ಅವ್ವನ ಮನೆಯ ಗೋಡೆಗೆ ಹತ್ತಿದ ಮನೆ ಅಕ್ಬರಬಿಯದು. ವಯಸ್ಸು ಎಂಬತ್ತೈದು ದಾಟಿರಬೇಕು. ಕಣ್ಣು ಹೋಗಿದೆ, ಮಾತು ಚುರುಕು. ನಾನು ಸಿದ್ದವ್ವನ ಮಗಳು ಎಂದಕೂಡಲೇ ಕೈ ಹಿಡಿದು ಕೂಡಿಸಿಕೊಂಡಳು.

"ಹೆರಿಗಿಯೊಳಗ ಯಾಕ ಸಾಯ್ತಾಳವಾ? ನಾ ಲಗ್ನ ಆಗಿ ಈ ಮನಿಗೆ ಬಂದಾಗ ನಿಮ್ಮವ್ವ ಅಂಗಳದಾಗ ಓಡಾಡತಿದ್ಲು. ಡಾಕಪ್ಪ ಹ್ವಾದ. ಫಕ್ಕೀರವ್ವ ಇಪ್ಪತ್ತೆರಡರಾಕಿ, ಏನು ಮಾಡಬೇಕು? ತವರವರು ಬಂದು ಉಡಕಿ ಮಾಡಿದ್ರು. ರಾಣೆಬೆನ್ನೂರಿನವ, ಮೂಲ ದೇವರಗುಡ್ಡದ ಕಡ್ಯಾಂವ."

"ಕೂಸಿನ್ನ ಯಾಕ ಬಿಟ್ಟು ಹ್ವಾದ್ಲು?"

"ಬಿಟ್ಟು ಹೋಗಲಿಲ್ಲ, ಬಿಡಿಸಿದ್ರು. ಉಡಕಿ ಹೋಗಾಕಿ ಕೂಸು ತಗೊಂಡು ಹೋಗಂಗಿಲ್ಲ. ಕೂಸು ಸತ್ತ ಗಂಡನ ಮನೀದು. ಮತ್ತ ಈ ಹೊಸ್ತಿಲಾ ತುಳಿಯಂಗಿಲ್ಲ ಅಂತ ಕಟ್ಟು ಮಾಡಿದ್ರು. ನಿಮ್ಮವ್ವಗ ನಿದ್ದಿ ಹತ್ತಿದಾಗ ಕಳಿಸಿದ್ರು. ಆಕಿ ಊರ ಅಗಸಿ ಬಾಗಲಾ ದಾಟಿದ ಕೂಡಲೇ ಸೋಮಣ್ಣ ತಲಿ ಮ್ಯಾಲ ನೀರು ಹಾಕ್ಕೊಂಡ. ನಮ್ಮ ಪಾಲಿಗೆ ಸತ್ಲು ಅಂದ. ಹೋಗಿ ಹುಟ್ಟು ಸಾವು ಬರಕೊಳ್ಳೂ ಪಾಟೀಲನ ಕಡೆ ಸತ್ತಾಳಂತ ಬರಿಸಿನೂ ಬಂದ."

"ಹೊಲದ ಪುಸ್ತಕದಾಗ ಉಡಕಿ ಅಂತ ಐತಿ."

"ತಲಾಟಿ ಮುಂದ ಖರೇ ಹೇಳಿರಬೇಕು. ಹೊಲದ ಮಾತು ನೋಡು, ಸುಳ್ಳಾಡಾಕ ಹೆದರ್ಯಾನ."

೯-೪-೧೯೫೮ ಅವಳು ಸತ್ತ ದಿನವಲ್ಲ, ಹೊರಟ ದಿನ. ತಾರೀಖುಗಳು ಹೊಂದಿದವು. ವೃತ್ತಿಯಲ್ಲಿ ಇಂಥ ಗಂಟು ಬಿಚ್ಚಿದಾಗ ಒಂದು ಕಪ್ ಚಹಾ ಕುಡಿಯುತ್ತೇನೆ. ಇವತ್ತು ಅಕ್ಬರಬಿಯ ಸೊಸೆ ಕೊಟ್ಟ ಚಹಾ ಹಾಗೇ ತಣ್ಣಗಾಯಿತು.

ಹುಟ್ಟಿದಾಗಲೇ ಸತ್ತಳೆಂಬ ಮಾತು ಎಲ್ಲಿಂದ ಬಂತು ಎಂದು ಕೇಳಿದೆ. "ಕೂಸು ದಿನಾ ಅಗಸ್ಯಾಗ ಹೋಗಿ ಕುಂದರತಿತ್ತವಾ. ಸತ್ತಾಳ ಅಂದ್ರೂ ಕೇಳವಲ್ದು, ನಾ ಮಕ್ಕೊಳ್ಳೂ ಮುಂದ ನೋಡೇನಿ, ಹಸರು ಸೀರಿ ಉಟ್ಟಾಳ ಅಂತಿತ್ತು. ಕಡೀಕ ಸೋಮಣ್ಣನ ಹೆಂಡ್ತಿ, ನೀ ಹುಟ್ಟಿದಾಗ ನಿಮ್ಮವ್ವನ್ನ ತಿಂದೀದಿ, ನೀ ನೋಡಿದ್ದು ಬ್ಯಾರೆ ಯಾರನೋ ಅಂದ್ಲು. ದಾರಿ ಕಾಯೂದು ಬಿಡಲಿ ಅಂತ ಅಂದಿದ್ದು. ಬಿಡ್ತು. ಅಂದ ಮಾತು ಮಾತ್ರ ಹಂಗ ಉಳೀತು."

ಫಕ್ಕೀರವ್ವ ತೀರಿದ್ದು ತೊಂಬತ್ತೊಂಬತ್ತರಲ್ಲಂತೆ. ಮಗ ಮೈಲಾರೆಪ್ಪ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದಾನಂತೆ. ತೊಂಬತ್ಮೂರರಲ್ಲಿ ನಾನು ಟೈಪಿಂಗ್ ಕಲಿಯಲು ಎಂಟು ತಿಂಗಳು ರಾಣೆಬೆನ್ನೂರಿಗೆ ಓಡಾಡಿದೆ. ಸ್ಟೇಶನ್ನಿನಿಂದ ಪೇಟೆಯ ತನಕ ನಡೆದೇ ಹೋಗುತ್ತಿದ್ದೆ.

೪ ಫೆಬ್ರವರಿ, ಮಂಗಳವಾರ

"ಕಾಗದ ಬಂತೇನ?" ಎಂದು ಅವ್ವ ಕೇಳಿದಳು. ಬಂದಿದೆ. ಮರಣದ್ದು, ಹೊಲದ್ದು, ಎರಡೂ ನಕಲು ಚೀಲದಲ್ಲಿವೆ. ಮರಣದ ನಕಲು ಒಂದನ್ನೇ ತೋರಿಸಿದರೆ ಸಾಕು: ನೀನು ಮೂರು ವರ್ಷದವಳಿದ್ದಾಗ ಜ್ವರ ಬಂದು ಹೋದಳು, ನೀನು ತಿಂದಿಲ್ಲ. ಅವಳಿಗೆ ಬೇಕಾದದ್ದು ಅಷ್ಟೇ. ಆದರೆ ಅದು ಸುಳ್ಳು ಕಾಗದ. ಸುಳ್ಳು ಎಂದು ಗೊತ್ತಿರುವ ಕಾಗದವನ್ನು ನಾನು ಯಾರ ಕೈಗೂ ಕೊಟ್ಟವಳಲ್ಲ. ಸೋಮಣ್ಣನೂ ಅವನು ಹೇಳಿದ್ದನ್ನು ಬರೆದುಕೊಂಡ ಪಾಟೀಲನೂ ಮಾಡಿದ್ದನ್ನೇ ನಾನೂ ಮಾಡಲೇ?

ಇನ್ನೂ ಬಂದಿಲ್ಲ ಎಂದೆ.

೭ ಫೆಬ್ರವರಿ, ಶುಕ್ರವಾರ

ಹೇಳಿಬಿಟ್ಟೆ. ಎಲ್ಲವನ್ನೂ.

ಊಟವಾಗಿತ್ತು. ಎರಡೂ ಕಾಗದ ಮುಂದಿಟ್ಟು, ತಾರೀಖಿನ ಸಮೇತ, ಪಾರ್ಟಿಗೆ ತಿಳಿಸಿ ಹೇಳುವಂತೆ ಹೇಳಿದೆ. ಖುಷಿಪಡುತ್ತಾಳೆಂದು ನಿಜವಾಗಿಯೂ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ. "ಯಾವಾಗ ತೀರಿಕೊಂಡ್ಲು ಅಂದಿ?"

"ತೊಂಬತ್ತೊಂಬತ್ತರಾಗ."

"ನಿನ್ನ ಲಗ್ನ ತೊಂಬತ್ತೇಳರಾಗ." ಬೆರಳು ಮಡಚಿದಳು. "ಅಂದ್ರ ಇದ್ಲು."

"ಇದ್ಲು."

"ನಾ ನಿನ್ನ ಹಡದಾಗೂ ಇದ್ಲು."

ಆಮೇಲೆ ಅವಳು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ. "ತಿಂದೇನಿ ಅಂತ ತಿಳಕೊಂಡಾಗ ಆಕಿ ನನ್ನ ಬಿಟ್ಟು ಹೋಗಿರಲಿಲ್ಲ ನಿರ್ಮಲಾ. ಈಗ ಬಿಟ್ಟು ಹ್ವಾದ್ಲು."

ಕಾಗದ ಮಡಚಿ ನನ್ನ ಕಡೆ ಸರಿಸಿದಳು.

೧೧ ಫೆಬ್ರವರಿ, ಮಂಗಳವಾರ

ಬರಲಿಲ್ಲ.

೧೪ ಫೆಬ್ರವರಿ, ಶುಕ್ರವಾರ

ಬರಲಿಲ್ಲ. ಕಾಲು ಬಾತಿವೆ. ಬೈದೆ, ಅತ್ತೆ, ಕಾಲು ಹಿಡಿದೆ. ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಮೊದಲು ತನಗೆ ಬದುಕುವ ಹಕ್ಕಿಲ್ಲ ಎನ್ನುತ್ತಿದ್ದಳು, ಜಗಳ ತೆಗೆಯಬಹುದಿತ್ತು. ಈಗ ಏನೂ ಅನ್ನುವುದಿಲ್ಲ.

ನಾನೇ ಮಾಡಿದ್ದು. ನನ್ನ ಖರೇತನದ ಸೊಕ್ಕು.

೧೬ ಫೆಬ್ರವರಿ, ರವಿವಾರ

ನಿನ್ನೆ ಮಧ್ಯಾಹ್ನ ಉಸಿರು ಹತ್ತಿತು. ಅಂಬ್ಯುಲೆನ್ಸಿನಲ್ಲಿ ಹಾವೇರಿಗೆ ಒಯ್ದು ಮಿಷನ್ನಿಗೆ ಹಾಕಿದರು. ಬದುಕಿದಳು. ಬೇಡ ಎನ್ನುವ ಶಕ್ತಿಯೂ ಇರಲಿಲ್ಲ, ಅದಕ್ಕೇ ಬದುಕಿದಳು. ಇವತ್ತು ಪಕ್ಕದ ಮನೆಯವರನ್ನು ಅವಳ ಹತ್ತಿರ ಕೂಡಿಸಿ ನಾನು ರಾಣೆಬೆನ್ನೂರಿಗೆ ಹೋದೆ. ಏನು ಹುಡುಕಲು ಹೋದೆನೋ ಗೊತ್ತಿಲ್ಲ. ಒಂದು ಸೀರೆ, ಒಂದು ಮಾತು, 'ನಮ್ಮವ್ವ ಆಗಾಗ ಒಬ್ಬಾಕಿನ್ನ ನೆನಸತಿದ್ಲು' ಎಂಬಂಥದ್ದು.

ಮೈಲಾರೆಪ್ಪನವರದು ಅಂಗಡಿಯ ಹಿಂದೆಯೇ ಮನೆ. ಅರವತ್ತೈದರ ಗಟ್ಟಿ ಮನುಷ್ಯ. ರೈತರ ಮನೆಯವಳೆಂದು ತಿಳಿದು, "ಕುಂದ್ರಿ ಅಕ್ಕಾರ, ಯಾವ ಬೀಜ ಬೇಕಿತ್ತು?" ಎಂದರು. ಮೂಗು ನನ್ನವ್ವನದೇ. ಸೋದರಮಾವನನ್ನು ಮೊದಲ ಸಲ ನೋಡುತ್ತ ನಾನು ಕಾಗದ ತೆಗೆದೆ.

ಪೂರ್ತಿ ಕೇಳಿ ಕಾಗದ ತಿರುಗಿ ಕೊಟ್ಟರು. "ಫಕ್ಕೀರವ್ವ ಅನ್ನೂ ಹೆಸರು ಈ ಕಡೆ ಓಣಿಗೆ ನಾಕು ಅದಾವ್ರಿ. ನಮ್ಮವ್ವಗ ಇದಕ್ಕೂ ಮೊದಲ ಲಗ್ನ ಆಗಿರಲಿಲ್ಲ. ಆಗಿದ್ರ ನಮಗ ಹೇಳತಿರಲಿಲ್ಲೇನ್ರಿ?"

ನಾನು ಒತ್ತಿ ಹೇಳಿದೆ. ಅವರಿಗೆ ರೇಗಿತು. ಒಳಗಿನಿಂದ ಟ್ರಂಕು ತರಿಸಿದರು. ಅವರೂ ನನ್ನಂಥವರೇ, ಕಾಗದದಿಂದ ಬಾಯಿ ಮುಚ್ಚಿಸುವ ಜಾತಿ. ಹಳೆಯ ರೇಶನ್ ಕಾರ್ಡು ತೆಗೆದು ಹೆಸರು ಓದಿದರು. "ನೋಡ್ರಿ. ನಾನು, ನನ್ನ ತಮ್ಮ, ನಮ್ಮ ತಂಗಿ. ಮೂರ ಮಂದಿ." ಅದರ ಜೊತೆಗೇ ಇದ್ದ ಇನ್ನೊಂದು ಹಾಳೆಯನ್ನೂ ನನ್ನ ಮುಂದೆ ಇಟ್ಟರು. ೧೯೭೨ರಲ್ಲಿ ಫಕ್ಕೀರವ್ವ ಮಕ್ಕಳಾಗದ ಆಪರೇಶನ್ ಮಾಡಿಸಿಕೊಂಡಾಗ ಕೊಟ್ಟ ಸರ್ಟಿಫಿಕೇಟು. ವಯಸ್ಸು ೩೬. ಹೆಬ್ಬೆಟ್ಟಿನ ಗುರುತು.

'ಜೀವಂತ ಇರುವ ಮಕ್ಕಳು: ೪. ಗಂಡು ೨, ಹೆಣ್ಣು ೨.'

ನಾನು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಎರಡನೇ ಸಲ ಓದಿದರು. ಐವತ್ತು ವರ್ಷ ಮನೆಯಲ್ಲಿದ್ದ ಹಾಳೆ, ಯಾರೂ ಆ ಸಾಲನ್ನು ನೋಡಿಲ್ಲ.

"ನರ್ಸಬಾಯಿ ತಪ್ಪು ಬರದಾಳ್ರಿ" ಎಂದರು ಕೊನೆಗೆ.

"ಮಾಮಾ, ನಮ್ಮವ್ವ ಭಾಳ ದಿನ ಇರಂಗಿಲ್ಲ. ಒಂದ ಸಲ ಬಂದು ಮಾರಿ ತೋರಿಸಿ ಹೋಗ್ರಿ."

ಮಾಮಾ ಎಂದದ್ದು ಅವರಿಗೆ ಚುಚ್ಚಿತು. "ಮೊಮ್ಮಗಳ ಲಗ್ನದ ಮಾತು ನಡದಾವು. ಸತ್ತ ಮುದುಕಿ ಮ್ಯಾಲ ಇಂಥಾ ಸುದ್ದಿ ತಂದು ನಮ್ಮ ಮನಿ ಮರ್ಯಾದಿ ತಗೀಬ್ಯಾಡ್ರಿ. ನಡೀರಿ ನೀವು." ಹಾಳೆಯ ಫೋಟೋ ತೆಗೆದುಕೊಳ್ಳುವಾಗ ಮಾತ್ರ ತಡೆಯಲಿಲ್ಲ. ಮುಖ ಆಚೆ ತಿರುಗಿಸಿಕೊಂಡಿದ್ದರು.

೧೮ ಫೆಬ್ರವರಿ, ಮಂಗಳವಾರ

ಅವ್ವನಿಗೆ ಮೊಬೈಲಿನಲ್ಲಿ ತೋರಿಸಿದೆ. ಓದಿ ಹೇಳಿದೆ. ಗಂಡನ ಮನೆಯಲ್ಲಿ ಬಾಯಿ ಬಿಡುವಂತಿರಲಿಲ್ಲ, ಗೊತ್ತಿಲ್ಲದ ನರ್ಸು ಕೇಳಿದಾಗ ನಾಲ್ಕು ಅಂದಿದ್ದಾಳೆ, ನಾಲ್ಕನೆಯದು ನೀನೇ ಎಂದೆ. ಮೈಲಾರೆಪ್ಪ ಮಾಮಾ ಏನಂದರೆಂದು ಕೇಳಿದಳು. ಅದನ್ನೂ ಹೇಳಿದೆ. ಮುಚ್ಚಿಡುವುದು ಬಂದರೆ ತಾನೇ.

"ಅಂವ ಅಂದದ್ದ ಖರೇ ಇರಬೇಕು. ನರ್ಸಬಾಯಿ ತಪ್ಪು ಬರದಾಳ" ಎಂದು ಮಲಗಿಬಿಟ್ಟಳು.

ನನಗೆ ಇನ್ನು ಏನೂ ಉಳಿದಿಲ್ಲ. ಇದ್ದ ಕಾಗದವೆಲ್ಲ ಖರ್ಚಾಯಿತು. ಬದುಕಿದ್ದವಳನ್ನು ಸತ್ತಳೆಂದು ಬರೆದರೆ ಎಲ್ಲರೂ ನಂಬಿದರು. ಅವಳೇ ಬಾಯಿಬಿಟ್ಟು ಹೇಳಿದ ಒಂದು ಅಂಕಿಯನ್ನು ಅವಳ ಹೊಟ್ಟೆಯಲ್ಲಿ ಹುಟ್ಟಿದವರೇ ನಂಬುವುದಿಲ್ಲ.

೨೫ ಫೆಬ್ರವರಿ, ಮಂಗಳವಾರ

ಬಂದಳು. ನಾನು ಕರೆಯಲಿಲ್ಲ, ಅವಳು ಬೇಡ ಎನ್ನಲಿಲ್ಲ. ತಲೆ ಬಾಚಿದೆ. ಕೂದಲು ಕೈಗೆ ಬರುತ್ತದೆ.

ಅಜ್ಜಿ ಹೊರಡುವ ದಿನ ಮುಂಜಾನೆ ಈ ತಲೆಯನ್ನು ಬಾಚಿರಬೇಕು. ಮೂರು ವರ್ಷದ ಕೂಸಿಗೆ ಎಷ್ಟು ಕೂದಲಿದ್ದೀತು. ಉಳಿದ ನಕಲುಗಳು ತಯಾರಾಗಿವೆ ಎಂದು ಚೇತನಕುಮಾರ ಫೋನು ಮಾಡಿದ್ದ. ತರಲು ಹೋಗಲಿಲ್ಲ. ನಾಲ್ಕು ತಾಸೂ ಅವ್ವನ ಹತ್ತಿರವೇ ಕುಳಿತಿದ್ದೆ. ಮಿಷನ್ನಿನಲ್ಲಿ ಅವಳ ರಕ್ತ ಹೋಗಿ ಬರುವುದನ್ನು ಇಷ್ಟು ದಿನ ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

೪ ಮಾರ್ಚ್, ಮಂಗಳವಾರ

ಡಾಕ್ಟರು ಹೊರಗೆ ಕರೆದು, ಹೃದಯ ಸೋಲುತ್ತಿದೆ, ತಿಂಗಳೊಪ್ಪತ್ತು ಎಂದರು. ತಲೆಯಾಡಿಸಿ ಒಳಗೆ ಬಂದೆ.

ಹೊಸದಾಗಿ ಬಂದ ಸಿಸ್ಟರು ಹೊಸ ಫೈಲು ತುಂಬಬೇಕೆಂದು ಫಾರ್ಮು ನನ್ನ ಕೈಗೆ ಕೊಟ್ಟಳು. ಹೆಸರು, ಊರು ಬರೆದೆ. ವಯಸ್ಸಿನ ಜಾಗದಲ್ಲಿ ಎಪ್ಪತ್ತು ಎಂದು ಬರೆದು ಮುಂದೆ ಹೋದೆ. ಒಡಹುಟ್ಟಿದವರು ಎಷ್ಟು ಜನ ಎಂಬಲ್ಲಿ ರೂಢಿಯಂತೆ 'ಇಲ್ಲ' ಎಂದು ಬರೆದೆ. ಸಿಸ್ಟರು ಸೂಜಿ ಹಾಕುತ್ತ, ನೋವು ಮರೆಸಲು, "ಅಮ್ಮಾ, ನಿಮ್ಮವ್ವಗ ನೀವು ಎಷ್ಟು ಮಂದಿ ಮಕ್ಕಳ್ರಿ?" ಎಂದು ಮಾತಿಗೆ ಎಳೆದಳು.

"ನಾಕು ಮಂದಿ" ಎಂದಳು ಅವ್ವ. "ಹಿರೇಕಿ ನಾನು."

ನನ್ನ ಪೆನ್ನು ನಿಂತಿತು.

"ಉಳಿದವ್ರು ಎಲ್ಲಿ ಇರ್ತಾರ್ರಿ?"

"ರಾಣೆಬೆನ್ನೂರಾಗ."

"ನೋಡಾಕ ಬರ್ತಾರೇನ್ರಿ?"

ಆ ಅರವತ್ತೈದರ ಮನುಷ್ಯನ ಪರವಾಗಿ ಅವ್ವ, "ಇಲ್ಲವಾ" ಎಂದಳು. "ಅವು ಸಣ್ಣವು. ನಾ ಇರೂದು ಅವಕ್ಕ ಗೊತ್ತಿಲ್ಲ."